ಸೋಮವಾರ ಕೊಟ್ಟ ರಕ್ತ

ನನ್ನ ಮೊಮ್ಮಗಳನ್ನು ಸೊಸೆಯ ತವರೂರು ಮುಗದದಿಂದ ಕರೆದುಕೊಂಡು ಬಂದ ದಿನ ನಾನು ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಕಂಡವರನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳಿದೆ. ತರಕಾರಿ ಗಾಡಿಯವನಿಗೆ ಹೇಳಿದೆ. ಇಸ್ತ್ರಿ ಅಂಗಡಿಯವನಿಗೆ ಹೇಳಿದೆ. ಕರೆಂಟಿನ ಮೀಟರ್ ನೋಡಲು ಬಂದಾತ ಆಗಲೇ ಗೇಟು ದಾಟಿದ್ದ, ಅವನನ್ನು ಹಿಂದಕ್ಕೆ ಕರೆದು ಹೇಳಿದೆ. ಅವನು ಬೆವರು ಒರೆಸಿಕೊಂಡು, "ಛಲೋ ಆತ್ರಿ ಅಜ್ಜಾರ. ಆದ್ರ ಬಿಲ್ಲೇನು ಕಡಿಮಿ ಆಗೂದಿಲ್ರಿ" ಎಂದ. ನನಗೆ ಅದೂ ಆಶೀರ್ವಾದದಂತೆಯೇ ಕೇಳಿಸಿತು.

ನಾನು ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಜೀವಮಾನವೆಲ್ಲ ಹತ್ತಿ ನೋಡಿದವನು. ನೋಡುವುದು ಎಂದರೆ ಬರೀ ಕಣ್ಣಿನಿಂದಲ್ಲ. ರೈತರು ಹತ್ತಿ ತುಂಬಿ ತರುವ ದೊಡ್ಡ ಚೀಲಕ್ಕೆ ನಮ್ಮಲ್ಲಿ ಅಂಡಿಗೆ ಎನ್ನುತ್ತೇವೆ. ಆ ಅಂಡಿಗೆಯೊಳಗೆ ಮೊಳಕೈತನಕ ಕೈ ಹಾಕಿ ಒಂದು ಹಿಡಿ ಕೀಳಬೇಕು. ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯಬೇಕು. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಒಳಗೆ ಪಸೆ ಇದೆಯೋ ಒಣಗಿದೆಯೋ, ಅಲ್ಲೇ ನಿಂತು ಹೇಳಬೇಕು. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟ ಕೂಡಲೇ ನನ್ನ ಕೈ ತಾನಾಗಿಯೇ ಅದರ ತಲೆಗೂದಲಿಗೆ ಹೋಯಿತು, ಎರಡು ಬೆರಳ ನಡುವೆ ಒಂದು ಎಳೆಯನ್ನು ಸವರಿ ನೋಡಿತು. ಅಂಥ ಮಾಲು ನನ್ನ ಕೈಗೆ ಎಂದೂ ಸಿಕ್ಕಿರಲಿಲ್ಲ.

ಸೊಸೆಗೆ ಬ್ಯಾಂಕಿನಲ್ಲಿ ಕೆಲಸ. ಬಾಣಂತಿ ರಜೆ ಮುಗಿಯುತ್ತ ಬಂದಿತ್ತು. ಮಗ ಬೆಳಿಗ್ಗೆ ರೈಲ್ವೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ನನ್ನ ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿವೆ. ಹಗಲು ಹೊತ್ತು ಕೂಸನ್ನು ನಾನು ನೋಡಿಕೊಳ್ಳುವುದು ಎಂದು ಹೆಸರಿಡುವ ದಿನವೇ ಮುಗದದಲ್ಲಿ ಮಾತಾಗಿತ್ತು. ಆಗ ಬೀಗತಿ, ಅಂದರೆ ಸೊಸೆಯ ತಾಯಿ, ತೊಟ್ಟಿಲ ಹಗ್ಗ ಹಿಡಿದುಕೊಂಡೇ ಕೇಳಿದ್ದರು:

"ಅಲ್ರಿ ಬೀಗ್ರ, ಗಂಡಸರು ಕೂಸಿನ್ನ ಹೆಂಗ ನೋಡ್ಕೋತಾರ್ರಿ?"

"ಕಣ್ಣಿಲೆ ನೋಡ್ಕೋತೇವ್ರಿ."

ಕೂತ ಹೆಣ್ಣುಮಕ್ಕಳೆಲ್ಲ ನಕ್ಕರು. ಬೀಗತಿಯೂ ನಕ್ಕರು. ಆದರೆ ಅವರ ಕೈ ತೊಟ್ಟಿಲ ಹಗ್ಗ ಬಿಡಲಿಲ್ಲ. ಅದನ್ನು ನಾನು ನೋಡಿದೆ, ಮನಸ್ಸಿನಲ್ಲಿ ಇಟ್ಟುಕೊಂಡೆ. ಪೇಟೆಯಲ್ಲಿ ಬೆಳೆದವನು ನಾನು. ಬಾಯಿ ಒಂದು ದರ ಹೇಳಿ ಕೈ ಇನ್ನೊಂದು ದರ ಹೇಳುವುದನ್ನು ದಿನಾ ಕಂಡವನು.

ಕೂಸು ಬಂದ ಮೇಲೆ ನನ್ನ ದಿನಚರಿ ಪೂರ್ತಿ ಬದಲಾಯಿತು. ಸಂಜೆಯಾದರೆ ಅದನ್ನು ಎತ್ತಿಕೊಂಡು ಮಾಳಿಗೆಗೆ ಹೋಗುವುದು, ಹಿಂದಿನ ಮನೆಯ ಪೇರಲ ಗಿಡಕ್ಕೆ ಬರುವ ಗಿಳಿ ತೋರಿಸುವುದು. ಮೆಟ್ಟಿಲು ಏರುತ್ತ ಏರುತ್ತ ಏನಾದರೂ ಹಾಡುವುದು. ಹಾಡು ಎಂದರೆ ನಾನೇ ಕಟ್ಟಿದ್ದು, ಅರ್ಥವಿಲ್ಲದ್ದು, ಕೂಸಿಗೆ ಮಾತ್ರ ತಿಳಿಯುವಂಥದ್ದು. ಒಂದು ಸಂಜೆ ಮೇಲೆ ಹೋಗಿ ನಿಂತಾಗ ಉಸಿರು ಸಿಗದೆ ಗೋಡೆಗೆ ಒರಗಿದೆ. ಸೊಸೆ ಅಲ್ಲೇ ಬಟ್ಟೆ ತೆಗೆಯುತ್ತಿದ್ದಳು. ಕೈಯಲ್ಲಿದ್ದ ಸೀರೆಯನ್ನು ಹಗ್ಗದ ಮೇಲೆಯೇ ಬಿಟ್ಟು ಬಂದು ಕೂಸನ್ನು ಇಸಿದುಕೊಂಡಳು. ಕೂಸಿನ ಜೊತೆ ತಾನೇ ಮೆಟ್ಟಿಲು ಇಳಿದಳು. ಅದು ನನಗೆ ಸರಿ ಬರಲಿಲ್ಲ.

ಮರುದಿನ ಚಹ ಕೊಡುವಾಗ ಮಾತು ತೆಗೆದಳು.

"ಮಾವಾರ, ನಿಮ್ಮ ಅಪ್ಪಾರು, ದೊಡ್ಡ ಮಾವಾರು ಇಬ್ರೂ ಎದಿ ಹಿಡಕೊಂಡ ಹೋದ್ರಂತಲ್ರಿ?"

"ಯಾರು ಹೇಳಿದ್ರವಾ ಇದನ್ನ?"

"ಇವರ ಹೇಳಿದ್ರು. ಒಮ್ಮೆ ಡಾಕ್ಟರಿಗೆ ತೋರಸೂಣ್ರಿ. ರಕ್ತ ಚೆಕ್ ಮಾಡಸೂಣು."

ಖರೇ ಮಾತೇ. ನನ್ನ ಅಪ್ಪ ಉಪ್ಪಿನಬೆಟಗೇರಿಯಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದಾಗ ಬಕೀಟು ಕೆಳಗಿಟ್ಟು ಕೂತವನು ಮತ್ತೆ ಏಳಲಿಲ್ಲ. ಅಣ್ಣನೂ ಅದೇ ರೀತಿ, ಇನ್ನೂ ಸಣ್ಣ ವಯಸ್ಸಿಗೆ. ಆದರೆ ನಾನು ಅವರಿಬ್ಬರ ವಯಸ್ಸನ್ನೂ ದಾಟಿ ಬಂದು ಮೊಮ್ಮಗಳ ಮೂತ್ರದಲ್ಲಿ ಅಂಗಿ ತೊಯ್ಸಿಕೊಂಡು ಕೂತಿದ್ದೆ. ಇಷ್ಟು ವರ್ಷ ಇಲ್ಲದ ಪರೀಕ್ಷೆ ಈಗೇಕೆ? ರಜೆ ಮುಗಿಯುವ ಹೊತ್ತಿಗೆ ಏಕೆ? ಶಾಲೆಯಲ್ಲಿ ಮಾಸ್ತರರು ಒಬ್ಬನನ್ನು ನಪಾಸು ಮಾಡಬೇಕೆಂದರೆ ಮೊದಲು ಒಂದು ಪರೀಕ್ಷೆ ಇಡುತ್ತಿದ್ದರು. ನನಗೆ ಅದು ನೆನಪಾಯಿತು. ನಪಾಸಾದರೆ ಕೂಸು ಎಲ್ಲಿಗೆ ಹೋಗುತ್ತದೆ? ಮುಗದಕ್ಕೆ. ಬೀಗತಿಯ ಕೈಯಲ್ಲಿ ಇನ್ನೂ ಆ ತೊಟ್ಟಿಲ ಹಗ್ಗ ಇತ್ತು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ನಗುಮುಖ. ಎದೆಗೆ ತಂತಿ ಹಚ್ಚಿ ಚಿತ್ರ ತೆಗೆದರು, ಯಂತ್ರದ ಪಟ್ಟಿಯ ಮೇಲೆ ನಡೆಸಿದರು. "ಇದರಾಗ ಏನೂ ಕಾಣಸವಲ್ತು, ಛಲೋ ಅದೀರಿ" ಎಂದರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಆಗ ಇನ್ನೊಂದು ಚೀಟಿ ಬರೆದರು.

"ರಕ್ತದಾಗ ಕೆಲವು ಗುರುತು ಇರ್ತಾವ್ರಿ ಅಜ್ಜಾರ. ಎದಿ ನೋಯೂದಕ್ಕಿಂತ ಎಷ್ಟೋ ಮೊದಲ ಅವು ಸುಳುಹು ಕೊಡ್ತಾವು. ನಿಮ್ಮ ಮನಿತನದಾಗ ಹಿಂಗ ಆಗೇದಂತ ಹೇಳಿದ್ರಲ್ಲ, ಅದಕ್ಕ ಎಲ್ಲಾ ನೋಡಿಬಿಡೂಣು."

ಗುರುತು. ಪೇಟೆಯಲ್ಲಿ ಅಂಡಿಗೆಯ ಮೇಲೆ ನೀಲಿ ಬಣ್ಣದಲ್ಲಿ ಗುರುತು ಹಾಕುತ್ತಿದ್ದೆವು. ಗುರುತು ಬಿದ್ದರೆ ಆ ಮಾಲು ಮಾರಾಟವಾಯಿತು, ಇನ್ನೊಬ್ಬರದಾಯಿತು ಎಂದು ಅರ್ಥ. ನನ್ನ ರಕ್ತದಲ್ಲಿ ನನ್ನನ್ನು ಕೇಳದೆ ಗುರುತು ಹಾಕಿದವರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ.

"ಸೋಮವಾರ ಮುಂಜಾನೆ ಹೋಗೂಣ್ರಿ ಮಾವಾರ," ಎಂದಳು ಸೊಸೆ. "ಉಪವಾಸ ಹೋಗಬೇಕಂತ್ರಿ."

"ಸೋಮವಾರ ನಂದು ಉಪವಾಸನ ಅಲ್ಲೇನವಾ? ಅದನ್ನ ನನಗ ಹೇಳಬೇಕೇನು?"

"ಹೌದಲ್ರಿ! ಛಲೋನ ಆತು ಹಂಗಾರ."

ಇಬ್ಬರಿಗೂ ಸಮಾಧಾನವಾಯಿತು. ಸೋಮವಾರದ ಉಪವಾಸ ನನ್ನ ಹೆಂಡತಿಯದು. ಅವಳು ಹೋದ ಮೇಲೆ ಅದನ್ನು ಬಿಡಲು ಮನಸ್ಸಾಗದೆ ನಾನು ಹಿಡಿದೆ. ಅವಳು ಮಾಡುತ್ತಿದ್ದ ಹಾಗೆಯೇ ಫರಾಳ, ಅಂದರೆ ಉಪವಾಸಕ್ಕೆ ನಡೆಯುವ ತಿಂಡಿ, ಮಾಡಿಕೊಳ್ಳಲೂ ಕಲಿತೆ. ಆ ಸೋಮವಾರ ಬೆಳಗಾಗುವ ಮುಂಚೆ ಎದ್ದೆ. ಕೂಸು ರಾತ್ರಿಯೆಲ್ಲ ಅತ್ತಿದ್ದರಿಂದ ಮಗ ಸೊಸೆ ಇಬ್ಬರೂ ಮಲಗಿದ್ದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ರಾತ್ರಿ ನೆನೆಯಿಟ್ಟ ಸಾಬುದಾಣಿ ತೆಗೆದು ಖಿಚಡಿಗೆ ಹಾಕಿದೆ. ಶೇಂಗಾ ಪುಡಿ ಧಾರಾಳವಾಗಿ ಬಿತ್ತು. ರಕ್ತ ಕೊಡುವ ದಿನ, ತ್ರಾಣ ಬೇಕಲ್ಲ, ತುಪ್ಪ ಎಂದಿಗಿಂತ ಒಂದು ಚಮಚ ಹೆಚ್ಚೇ ಬಿಟ್ಟೆ. ಎರಡು ಬಾಳೆಹಣ್ಣು ತಿಂದೆ, ಸಕ್ಕರೆ ಹಾಕಿದ ಹಾಲು ಕುಡಿದೆ. ಬೋಗುಣಿ ತೊಳೆದು ಅದರ ಜಾಗದಲ್ಲಿ ಮುಚ್ಚಿಟ್ಟೆ. ಮಗ ಎದ್ದು ಬಂದಾಗ ನಾನು ಹಣೆಗೆ ವಿಭೂತಿ ಹಚ್ಚಿಕೊಂಡು ತಯಾರಾಗಿ ಕೂತಿದ್ದೆ. ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹೋದ.

ರಕ್ತ ತೆಗೆಯುವ ಹುಡುಗಿ ತೋಳಿಗೆ ರಬ್ಬರು ಕಟ್ಟುತ್ತ ಕೇಳಿದಳು, "ಉಪವಾಸ ಅದೀರಿ ಹೌದಲ್ರಿ ಅಜ್ಜಾರ?"

"ನಮ್ಮ ಮನ್ಯಾಕಿ ಹೋದಾಗಿಂದ ಒಂದ ಸೋಮವಾರನೂ ಬಿಟ್ಟಿಲ್ಲವಾ."

ಅವಳು ನನ್ನ ಮುಖವನ್ನು ಒಮ್ಮೆ, ಚೀಟಿಯನ್ನು ಒಮ್ಮೆ ನೋಡಿ ಸೂಜಿ ಚುಚ್ಚಿದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಮುಂದೆಯೇ ಕೊಳವೆಗೆ ಹೆಸರಿನ ಚೀಟಿ ಅಂಟಿಸಿದಳು. ಪಕ್ಕದ ಕುರ್ಚಿಯಲ್ಲಿ ಒಬ್ಬ ಆಸಾಮಿ ಕೂತಿದ್ದ. ಹೊಟ್ಟೆ ಅವನಿಗಿಂತ ಮುಂಚೆ ಬಂದು ಕೂತಂತಿತ್ತು. ಅವನ ಕೊಳವೆಯೂ ನನ್ನ ಕೊಳವೆಯೂ ಒಂದೇ ತಟ್ಟೆಯಲ್ಲಿ ಒಂದಕ್ಕೊಂದು ತಾಗಿ ನಿಂತಿದ್ದವು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೆ.

ವರದಿ ಬಂತು. ಮಗ ಓದಿದ, ಸೊಸೆಗೆ ಕೊಟ್ಟ. ಸೊಸೆ ಓದಿದಳು, ಮಗನ ಮುಖ ನೋಡಿದಳು. ನನಗೆ ಯಾರೂ ಕೊಡಲಿಲ್ಲ. ಅವರು ಒಳಗೆ ಹೋದಾಗ ನಾನೇ ಟೀಪಾಯಿ ಮೇಲಿಂದ ಎತ್ತಿಕೊಂಡೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನಾದರೂ ಇಂಗ್ಲಿಷಿನ ದೊಡ್ಡ ಅಕ್ಷರಗಳು ನನಗೆ ಗೊತ್ತು. ಗಿರಣಿಯಿಂದ ಒತ್ತಿ ಕಟ್ಟಿ ಬರುವ ಹತ್ತಿಯ ಬೇಲುಗಳ ಮೇಲೆ ಅವನ್ನೇ ಹೊಡೆದಿರುತ್ತಿದ್ದರು. ಕಾಗದದ ಒಂದು ಬದಿಗೆ ಸಾಲಾಗಿ ಕಪ್ಪಗೆ ಎಚ್, ಎಚ್, ಎಚ್, ಮತ್ತೊಂದು ಎಚ್. ಎಚ್ ಎಂದರೆ ಹಾರ್ಟ್. ಅಷ್ಟು ಗೊತ್ತಾಗದಷ್ಟು ದಡ್ಡನಲ್ಲ ನಾನು. ನಾಲ್ಕು ಕಡೆ ಹಾರ್ಟು ಹೋಗಿದೆ ಎಂದು ಬರೆದಿದ್ದಾರೆ!

"ಅಪ್ಪಾ, ಎಚ್ ಅಂದ್ರ ಹೈ. ಇರಬೇಕಾದ್ದಕ್ಕಿಂತ ಜಾಸ್ತಿ ಅಂತ," ಎಂದ ಮಗ.

"ನನ್ನ ಹೆದರಿಸಬಾರದಂತ ಹೇಳಾಕತ್ತಿ ಹೌದಲ್ಲ?"

"ಖರೇನ ಅಪ್ಪಾ. ಇದು ಸಕ್ಕರಿ. ಇದು ಕೆಟ್ಟ ಕೊಬ್ಬು. ಇದು ಟ್ರೈಗ್ಲಿಸರೈಡು, ಅದೂ ರಕ್ತದಾಗಿನ ಕೊಬ್ಬ, ಇದಂತೂ ಭಾಳ ಮ್ಯಾಲ ಹೋಗೇತಿ. ಇದು ಲೈಪೊಪ್ರೋಟೀನ್ ಎ ಅಂತ. ಏನೋ ನನಗೂ ಗೊತ್ತಿಲ್ಲ."

ಒಂದೇ ಒಂದು ಕಡೆ ಎಲ್ ಇತ್ತು. ಅದು ಒಳ್ಳೆಯ ಕೊಬ್ಬಂತೆ, ನನಗೆ ಕಡಿಮೆ ಇದೆಯಂತೆ. ಒಳ್ಳೆಯ ಕೊಬ್ಬು ಎಂಬ ಮಾತನ್ನು ನಾನು ಇವತ್ತಿಗೂ ಪೂರಾ ನಂಬಿಲ್ಲ.

ಆವತ್ತಿನಿಂದ ಮನೆಯಲ್ಲಿ ಗಾಳಿ ಬದಲಾಯಿತು. ನಾನು ವಾಕಿಂಗಿನಿಂದ ಬಂದರೆ ಮಗ ಹತ್ತಿರ ಬಂದು ನಿಲ್ಲುತ್ತಿದ್ದ. ಪ್ರೀತಿಗೆ ಎಂದುಕೊಂಡೆ. ಮೂಗು ಏರಿಸಿದಾಗ ತಿಳಿಯಿತು, ಮಿರ್ಚಿ ಭಜಿಯ ವಾಸನೆ ಹುಡುಕುತ್ತಿದ್ದ! ಸೊಸೆ ನನ್ನ ಅಂಗಿ ಒಗೆಯಲು ಹಾಕುವ ಮುಂಚೆ ಕಿಸೆ ತಿರುವಿ ನೋಡತೊಡಗಿದಳು. ಅಡಿಗೆಮನೆಯ ಪೇಡೆಯ ಡಬ್ಬಿ ಮೇಲಿನ ಹಲಗೆಗೆ ಹೋಯಿತು.

"ಮಾವಾರ, ಬೇಜಾರ ಮಾಡ್ಕೋಬ್ಯಾಡ್ರಿ. ಹೊರಗ ಏನರ ತಿಂತೀರೇನ್ರಿ?"

"ತಿಂದ್ರ ಹೇಳ್ತೇನಿ ತಾಯಿ. ನನ್ನ ಹಲ್ಲಿಗೆ ಭಜಿ ಬಗ್ಗೂದಿಲ್ಲ ಅಂತ ನಿನಗ ಗೊತ್ತಿಲ್ಲೇನು?"

ಅವರು ನನ್ನನ್ನು ನಂಬಲಿಲ್ಲ. ನಾನು ಅವರನ್ನು ನಂಬಲಿಲ್ಲ. ನಡುವೆ ಕೂಸು ಒಂದೇ ಎಲ್ಲರನ್ನೂ ನೋಡಿ ಬೊಚ್ಚು ಬಾಯಿ ಬಿಟ್ಟು ನಗುತ್ತಿತ್ತು. ಅದನ್ನು ಎತ್ತಿಕೊಳ್ಳಲು ಕೈ ಚಾಚಿದರೆ, "ಕೂತ್ಕೊಳ್ರಿ ಮಾವಾರ, ತೊಡಿ ಮ್ಯಾಲ ಕೊಡ್ತೇನಿ" ಎನ್ನುತ್ತಿದ್ದಳು. ಕೊಟ್ಟು ಎದುರಿಗೇ ನಿಲ್ಲುತ್ತಿದ್ದಳು. ಮಾಳಿಗೆಯ ಬಾಗಿಲಿಗೆ ಚಿಲಕ ಬಿತ್ತು. ಗಿಳಿಗಳು ಬಂದು ನಮ್ಮನ್ನು ಕಾಣದೆ ಹೋಗಿರಬೇಕು.

ಅದೇ ವಾರ ಬೀಗತಿ ಮುಗದದಿಂದ ಬಂದಿಳಿದರು. ಕೈಯಲ್ಲಿ ಬಟ್ಟೆಯ ದೊಡ್ಡ ಚೀಲ. ಒಂದೆರಡು ದಿನಕ್ಕೆ ಬರುವವರು ಅಷ್ಟು ದೊಡ್ಡ ಚೀಲ ತರುವುದಿಲ್ಲ.

"ಆರಾಮ ಅದೀರಿ ಬೀಗ್ರ? ಮಗಳು ಫೋನ್ ಮಾಡಿದ್ಲು. ನಿಮಗೂ ವಿಶ್ರಾಂತಿ ಬೇಕು ನೋಡ್ರಿ. ಒಂದಿಷ್ಟ ದಿನ ಕೂಸಿನ್ನ ನಮ್ಮ ಊರಿಗೆ ಕರ್ಕೊಂಡ ಹೋದ್ರ ಹೆಂಗ ಅಂತ..."

ನಾನು ಅಂದುಕೊಂಡದ್ದೇ ಆಯಿತು. ನಗುತ್ತಲೇ "ಮಾಡೂಣ್ರಿ, ಏನ ಗಡಿಬಿಡಿ" ಎಂದೆ. ಚಪ್ಪಲಿ ಮೆಟ್ಟಿ ಸೀದಾ ರಕ್ತ ಪರೀಕ್ಷೆಯ ಅಂಗಡಿಗೆ ನಡೆದೆ. ಆ ಹೊಟ್ಟೆಯ ಆಸಾಮಿಯ ರಕ್ತ ನನ್ನ ಹೆಸರಿಗೆ ಬಂದಿದೆ, ಅದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ.

"ಅಜ್ಜಾರ, ನಿಮ್ಮ ಮುಂದ ಚೀಟಿ ಅಂಟಿಸೇನಲ್ರಿ," ಎಂದಳು ಆ ಹುಡುಗಿ.

"ಚೀಟಿ ನಮ್ಮ ಪೇಟ್ಯಾಗೂ ಅಂಟಸ್ತಿದ್ರವಾ. ಒಂದ ಅಂಡಿಗಿ ಚೀಟಿ ಇನ್ನೊಂದ ಅಂಡಿಗಿಗೆ ಹೋಗಿದ್ದನ್ನ ನಾನ ನೋಡೇನಿ."

"ಇಲ್ಲೆ ಹಂಗ ಆಗೂದಿಲ್ರಿ. ನೀವು ಅವತ್ತ ಉಪವಾಸನ ಇದ್ರಿ ಹೌದಿಲ್ಲೋ?"

"ನನ್ನ ಕೊರಳಾಗ ಲಿಂಗ ಐತಿ. ಅದನ್ನ ಮುಟ್ಟಿ ಹೇಳ್ಲೇನು?"

ಅವಳು ಗಾಬರಿಯಾಗಿ ಕೈ ಮುಗಿದಳು. ನಾನು ಗೆದ್ದೆ ಎಂದುಕೊಂಡು ಬಂದೆ. ಆದರೆ ಮನೆಗೆ ಬಂದರೆ ಬೀಗತಿ ಕೂಸಿನ ಅಂಗಿ ಟೊಪ್ಪಿಗೆಗಳನ್ನು ಮಡಚಿ ಒಂದು ಬದಿಗೆ ಇಡುತ್ತಿದ್ದರು. ನಾನು ಆ ರಾಶಿಯಿಂದ ಒಂದು ಕೆಂಪು ಟೊಪ್ಪಿಗೆಯನ್ನು ಎತ್ತಿ ನನ್ನ ತಲೆದಿಂಬಿನ ಕೆಳಗೆ ಇಟ್ಟೆ. ಟೊಪ್ಪಿಗೆಯಿಲ್ಲದೆ ಕೂಸನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂಬ ಲೆಕ್ಕ ನನ್ನದು.

ಮತ್ತೆ ಸೋಮವಾರ ಬಂತು. ಮಗ ಕಚೇರಿಗೆ ಹೋದ. ಸೊಸೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ನನ್ನ ಪಾಡಿಗೆ ಶೇಂಗಾ ಹುರಿಯುತ್ತಿದ್ದೆ. ಬೀಗತಿ ನೀರಿಗೆಂದು ಬಂದವರು ವಾಸನೆ ಹಿಡಿದು ನಿಂತರು.

"ಏನ್ರಿ ಬೀಗ್ರ, ಖಿಚಡಿ ನೀವ ಮಾಡ್ತೀರಿ? ನಂದೂ ಸೋಮವಾರ ಐತ್ರಿ. ನನಗೂ ಒಂದಿಷ್ಟ ಹಾಕ್ರಿ."

ಎಷ್ಟಾದರೂ ಮನೆಗೆ ಬಂದವರು. ಇಬ್ಬರಿಗೂ ಆಗುವಷ್ಟು ಮಾಡಿದೆ. ಅವರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

"ಭಾಳ ಛಲೋ ಆಗೇತ್ರಿ. ಆದ್ರ ತುಪ್ಪ ಏನ್ರಿ ಇದು, ಸಾಬುದಾಣಿ ಈಜಾಕತ್ತಾವು!"

"ಇದೇನ ತುಪ್ಪ? ಹೋದ ಸೋಮವಾರ ರಕ್ತಾ ಕೊಡಾಕ ಹೋಗೂ ಮುಂದ ಹಾಕಿದ್ದೆನಲ್ರಿ, ಅದು ತುಪ್ಪ."

ಬೀಗತಿಯ ಚಮಚ ಅಲ್ಲೇ ನಿಂತಿತು.

"ಯಾವಾಗ ಹಾಕಿದ್ರಿ?"

"ರಕ್ತಾ ಕೊಡಾಕ ಹೋಗೂ ಮುಂದ್ರಿ. ಮುಂಜಾನೆ."

"ತಿಂದ್ರಿ?"

"ಮತ್ತ? ಮಾಡಿ ದೇವರ ಮುಂದ ಇಟ್ಟ ಬರಲೇನು?"

"ಬೀಗ್ರ, ರಕ್ತಾ ಉಪವಾಸ ಕೊಡಬೇಕಂತ ಹೇಳಿರಲಿಲ್ಲೇನ್ರಿ?"

"ಉಪವಾಸನ ಕೊಟ್ಟೇನ್ರಿ! ಅನ್ನ ಮುಟ್ಟಿಲ್ಲ, ರೊಟ್ಟಿ ಮುಟ್ಟಿಲ್ಲ. ಇದ ಖಿಚಡಿ, ಎರಡ ಬಾಳಿಹಣ್ಣು, ಒಂದ ವಾಟಗಾ ಹಾಲು. ಮುಗೀತು."

ಬೀಗತಿ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ಮೈಯೆಲ್ಲ ಕುಣಿಯುವಂತೆ ನಗುತ್ತಿದ್ದರು! ಸೊಸೆ ಎಣ್ಣೆಗೈಯಲ್ಲೇ ಕೂಸನ್ನು ಎತ್ತಿಕೊಂಡು ಓಡಿ ಬಂದಳು.

"ಏನಾತ ಯವ್ವಾ?"

"ನಿಮ್ಮ ಮಾವಾರ್ನ ಕೇಳ. ದವಾಖಾನಿ ಉಪವಾಸಕ್ಕ ಶಿವನ ಉಪವಾಸ ಮಾಡ್ಯಾರ!"

ಸೊಸೆಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಹಣೆಗೆ ಕೈ ಹಚ್ಚಿಕೊಂಡಳು. ಹಣೆಯೆಲ್ಲ ಎಣ್ಣೆಯಾಯಿತು.

"ಮಾವಾರ, ಅವರ ಉಪವಾಸ ಅಂದ್ರ ಹೊಟ್ಟಿ ಖಾಲಿ ಇರಬೇಕ್ರಿ. ನೀರ ಬಿಟ್ರ ಏನೂ ನಡೆಯಂಗಿಲ್ಲ."

"ಹಂಗಂದ್ರ ಖಾಲಿ ಹೊಟ್ಟಿ ಅನಬೇಕವಾ. ಉಪವಾಸ ಯಾಕ ಅನಬೇಕು?"

 ಸೊಸೆ ಪಡಸಾಲೆಗೆ ಹೋದ ಮೇಲೆ ಬೀಗತಿ ಕಣ್ಣು ಒರೆಸಿಕೊಂಡು ನನ್ನ ಹತ್ತಿರ ಬಗ್ಗಿ ದನಿ ಇಳಿಸಿದರು.

"ಬೀಗ್ರ, ಯಾರ ಮುಂದನೂ ಹೇಳಬ್ಯಾಡ್ರಿ. ಹೋದ ವರ್ಷ ಧಾರವಾಡದಾಗ ನಾನೂ ರಾಜಗೀರಿ ಉಂಡಿ ತಿಂದು ಹೋಗಿ ರಕ್ತಾ ಕೊಟ್ಟ ಬಂದಿದ್ದೆ. ಸಕ್ಕರಿ ಜಾಸ್ತಿ ಆಗೇತಂತ ಮಗಳು ವಾರಗಟ್ಲೆ ಅತ್ಲು. ನನಗ ಆಮ್ಯಾಲ ತಿಳೀತು. ಮರ್ಯಾದಿ ಹೋಗ್ತದಂತ ಬಾಯಿ ಬಿಡಲಿಲ್ಲ."

ಅವತ್ತು ಮಧ್ಯಾಹ್ನ ಆ ಕೆಂಪು ಟೊಪ್ಪಿಗೆಯನ್ನು ತಲೆದಿಂಬಿನ ಕೆಳಗಿಂದ ತೆಗೆದು ರಾಶಿಯ ಮೇಲೆ ವಾಪಸು ಇಟ್ಟೆ. ಬೀಗತಿ ನೋಡಿದರು. 

ಪೇಟೆಯಲ್ಲಿ ಕೆಲವರು ತೂಕ ಹೆಚ್ಚಲೆಂದು ಅಂಡಿಗೆಗೆ ನೀರು ಚಿಮುಕಿಸಿ ತರುತ್ತಿದ್ದರು. ಕೈ ಹಾಕಿದ ಕೂಡಲೇ ನಾನು ಹಿಡಿಯುತ್ತಿದ್ದೆ. ಅಂಥ ನಾನೇ ಈಗ ನೀರು ಹೊಡೆದ ಹತ್ತಿಯನ್ನು ತೂಕಕ್ಕೆ ಇಟ್ಟು ತಕ್ಕಡಿಯವಳ ಜೊತೆ ಜಗಳ ಮಾಡಿ ಬಂದಿದ್ದೆ! ಎರಡನೆಯ ಸಲ ರಕ್ತ ಕೊಡಲು ಬುಧವಾರ ಹೋದೆ. ಹಿಂದಿನ ರಾತ್ರಿ ಊಟದ ಮೇಲೆ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಹಲ್ಲುಜ್ಜುವ ಪೇಸ್ಟು ಸಿಹಿ ಇರುತ್ತದೆ ಎಂದು ಅದನ್ನೂ ನಂಬದೆ ಬರೀ ಬೆರಳಲ್ಲಿ ತಿಕ್ಕಿದೆ. ಹುಡುಗಿ "ಉಪವಾಸ..." ಎಂದು ಬಾಯಿ ತೆರೆದಳು. "ಖಾಲಿ ಹೊಟ್ಟಿ" ಎಂದೆ. ಅವಳಿಗೆ ಅರ್ಥವಾಗಿರಬೇಕು, ತುಟಿ ಕಚ್ಚಿಕೊಂಡು ರಬ್ಬರು ಕಟ್ಟಿದಳು.

ಈ ಸಲ ಕಾಗದವನ್ನು ಮೊದಲು ನಾನೇ ನೋಡಿದೆ. ಸಕ್ಕರೆಯ ಎಚ್ ಹೋಗಿತ್ತು. ಟ್ರೈಗ್ಲಿಸರೈಡಿನ ಎಚ್ ಹೋಗಿತ್ತು. ಕುಣಿಯಬೇಕು ಅನ್ನಿಸಿತು. ಆದರೆ ಕೆಳಗೆ ಎರಡು ಎಚ್ ಕೂತೇ ಇದ್ದವು. ಒಂದು ಕೆಟ್ಟ ಕೊಬ್ಬಿನದು. ಇನ್ನೊಂದು, ಮಗನಿಗೂ ಗೊತ್ತಿಲ್ಲ ಎಂದನಲ್ಲ, ಆ ಲೈಪೊಪ್ರೋಟೀನ್ ಎ. ಅದರ ಅಂಕಿ ಹಿಂದಿನಷ್ಟೇ ಇತ್ತು, ಜಗ್ಗಿರಲಿಲ್ಲ. ಖಿಚಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಡಾಕ್ಟರಮ್ಮನ ಮುಂದೆ ನಾನು, ಮಗ, ಕೂಸನ್ನು ಎತ್ತಿಕೊಂಡ ಸೊಸೆ ಮೂವರೂ ಕೂತೆವು. ಖಿಚಡಿಯ ಕಥೆ ಕೇಳಿ ಅವರು ನಕ್ಕರು. ಆಮೇಲೆ ಆ ಕೊನೆಯ ಎಚ್ ಮೇಲೆ ಪೆನ್ನಿನ ತುದಿ ಇಟ್ಟರು.

"ಇದಕ್ಕ ನೀವು ಉಂಡ್ರೇನು, ಬಿಟ್ರೇನು, ಅಷ್ಟ ಇರ್ತೈತ್ರಿ. ಹುಟ್ಟಿನಿಂದ ಬಂದಿದ್ದು. ಅಪ್ಪ ಅವ್ವನ ಕಡಿಂದ ಬರ್ತೈತಿ."

"ನಮ್ಮ ಅಪ್ಪಂದೇನ್ರಿ ಇದು?"

"ಇರಬಹುದ್ರಿ. ಅವರ ರಕ್ತ ಯಾರೂ ನೋಡಿಲ್ಲ, ಖಾತ್ರಿ ಹೇಳಾಕ ಬರೂದಿಲ್ಲ. ಇದು ಇತ್ತಂದ್ರ ರಕ್ತದ ನಾಳದಾಗ ಕೊಬ್ಬು ಲಗೂ ಕಟ್ಟತೈತಿ ಅಂತ ಅಷ್ಟ. ಗುರುತು ಅಂದ್ರ ರೋಗ ಅಲ್ರಿ. ಎಚ್ಚರ ಇರ್ರಿ ಅಂತ ಹೇಳೂದು."

ನನಗೆ ತಿಳಿಯಿತು. ಹತ್ತಿಯಲ್ಲಿ ಪಸೆ ನೀರಿನಿಂದ ಬರುತ್ತದೆ, ಬಿಸಿಲಿಗೆ ಹರವಿದರೆ ಹೋಗುತ್ತದೆ. ಎಳೆಯ ಉದ್ದ ಬೀಜದ್ದು. ಯಾವ ಬಿಸಿಲಿಗೂ ಅದು ಬೇರೆಯಾಗುವುದಿಲ್ಲ. ಎತ್ತಿನ ಪಕ್ಕ ಬಕೀಟು ಇಟ್ಟು ಕೂತ ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವತ್ತು ಊರಿನವರು ಯಾರದೋ ದೃಷ್ಟಿ ತಾಗಿತು ಎಂದಿದ್ದರು, ಯಾರ ಕಣ್ಣು ಎಂದು ವರ್ಷಗಟ್ಟಲೆ ಹುಡುಕಿದ್ದರು. ಬೀಜದ ಕಡೆ ಯಾರೂ ನೋಡಿರಲಿಲ್ಲ.

"ಹಂಗಾದ್ರ ಏನೂ ಮಾಡಾಕ ಬರೂದಿಲ್ಲೇನ್ರಿ?" ಎಂದ ಮಗ.

"ಇದನ್ನ ಬದಲ ಮಾಡಾಕ ಬರೂದಿಲ್ಲ, ಉಳಿದದ್ದನ್ನ ಇಳಸಾಕ ಬರ್ತೈತಿ. ಕೆಟ್ಟ ಕೊಬ್ಬಿಗೆ ಗುಳಿಗಿ ಕೊಡ್ತೇನಿ, ದಿನಾ ತಗೋಬೇಕು. ಬಿ.ಪಿ. ನೋಡ್ಕೋಬೇಕು, ನಡೀಬೇಕು, ತುಪ್ಪಕ್ಕ ಲಗಾಮ ಹಾಕಬೇಕು. ಎದಿ ಬಿಗದಂಗ ಆಗಿ ಬೆವತ್ರ ಒಂದ ಗಳಿಗಿ ತಡಾ ಮಾಡದ ಬರಬೇಕು." ಆಮೇಲೆ ಮಗನ ಕಡೆ ತಿರುಗಿದರು. "ನೀವೂ ಇದನ್ನ ಒಮ್ಮೆ ನೋಡಿಸಿಬಿಡ್ರಿ."

ಮಗ ನನ್ನನ್ನು ನೋಡಿದ. ನಾನು ಕೂಸನ್ನು ನೋಡಿದೆ. ಅದು ಡಾಕ್ಟರಮ್ಮನ ಪೆನ್ನಿಗೆ ಕೈ ಚಾಚುತ್ತಿತ್ತು.

"ಇದಕ್ಕ?" ಎಂದೆ. 

"ಈಗೇನೂ ಬ್ಯಾಡ್ರಿ. ಮೊದಲ ಇವರದು ಬರಲಿ. ಕೂಸಿಂದು ಮುಂದ ನೋಡಿದ್ರಾತು."

ಇನ್ನೊಂದು ಮಾತು ಕೇಳಬೇಕಿತ್ತು. ಕೇಳಲು ಭಯ. ಬೇಡ ಎಂದುಬಿಟ್ಟರೆ ಬೀಗತಿಯ ಚೀಲ ಕಟ್ಟಿಯೇ ಇತ್ತು.

"ಡಾಕ್ಟರಮ್ಮಾರ, ನಾ ಕೂಸಿನ್ನ ಎತ್ಕೋಬಹುದೇನ್ರಿ?"

"ಯಾಕ ಎತ್ಕೋಬಾರದು? ನಿಮ್ಮ ಎದಿ ಚಿತ್ರ, ನಡದದ್ದು ಎಲ್ಲಾ ಛಲೋ ಬಂದಾವಲ್ರಿ. ಮೆಟ್ಟಲಾ ಏರೂ ಮುಂದ ಹಾಡಬ್ಯಾಡ್ರಿ, ಅಷ್ಟ. ಮ್ಯಾಲ ಹೋಗಿ ನಿಂತು ಹಾಡ್ರಿ."

ಹಾಡಿನ ಸುದ್ದಿ ಅವರಿಗೆ ಹೇಳಿದವರು ಯಾರು? ಸೊಸೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹೊರಬಂದ ಮೇಲೆ ಅವಳೇ ನಿಂತಳು.

"ಮಾವಾರ, ನಿಮ್ಮ ಕೈಯಾಗಿನ ಕೂಸಿನ್ನ ಕಸ್ಕೊಳ್ಳಾಕ ಇದನ್ನ ಮಾಡಿಸಿದ್ನಿ ಅಂತ ತಿಳ್ಕೊಂಡಿದ್ರಿ ಹೌದಲ್ರಿ?"

"ಇಲ್ಲವಾ."

"ಸುಳ್ಳ ಹೇಳಬ್ಯಾಡ್ರಿ. ಟೊಪ್ಪಿಗಿ ಬಚ್ಚಿಟ್ಟಿದ್ರಂತ ಅವ್ವ ಹೇಳ್ಯಾಳ. ಮುಗದದಾಗ ಇದಕ್ಕ ಅಜ್ಜ ಇಲ್ಲ. ಇರೂದು ನೀವೊಬ್ರ. ನಿಮಗ ಏನರ ಆದ್ರ ಇನ್ನೊಬ್ಬ ಅಜ್ಜನ್ನ ನಾ ಎಲ್ಲಿಂದ ತರ್ಲಿ?"

ಅಷ್ಟು ಹೇಳಿ ಕೂಸನ್ನು ನನ್ನ ಕೈಗೆ ಕೊಟ್ಟಳು. ಕೂತ ತೊಡೆಯ ಮೇಲಲ್ಲ. ನಿಂತವನ ಕೈಗೆ, ನಡುರಸ್ತೆಯಲ್ಲಿ.

ಸೊಸೆ ಕೆಲಸಕ್ಕೆ ಮರಳುವ ದಿನವೇ ಮಗ ರಕ್ತ ಕೊಡಲು ಹೋಗಬೇಕಿತ್ತು. ಮುಂದೆ ಅವನ ಕಾಗದದಲ್ಲೂ ಆ ಕೊನೆಯ ಎಚ್ ಬಂತು. ಈಗ ದಿನಾ ಬೆಳಿಗ್ಗೆ ನಡೆಯುತ್ತಾನೆ, ಕಚೇರಿಯ ಚಹದಂಗಡಿಯ ಸಿಗರೇಟು ಬಿಟ್ಟಿದ್ದಾನೆ. ಬಿಟ್ಟಿದ್ದಾನೆ ಎನ್ನುತ್ತಾನೆ, ನಾನು ಅಂಗಿ ಮೂಸಿ ನೋಡುತ್ತೇನೆ. ಅವನು ರಕ್ತ ಕೊಡಲು ಹೊರಟ ಆ ಬೆಳಿಗ್ಗೆ ಮಾತ್ರ ನಾನು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದೆ.

"ಅಪ್ಪಾ, ನೀರಾದ್ರೂ ಕುಡೀಲಿ ಬಿಡು."

"ನೀರ ಹೊರಗ ಇಟ್ಟೇನಿ. ಬಾಯಿ ತಗಿ."

"ಬಾಯಿ ಯಾಕ?"

"ತಗೀಯಪ್ಪಾ. ನಮ್ಮ ಮನಿ ಉಪವಾಸ ಹೆಂಗ ಇರ್ತೈತಂತ ನನಗ ಗೊತ್ತೈತಿ."

ನಲವತ್ತರ ಹತ್ತಿರ ಬಂದ ಮಗ ಆ ಎಂದು ಬಾಯಿ ತೆಗೆದ. ನಾನೂ ನೋಡಿದೆ, ಕೂಸೂ ಇಣುಕಿ ನೋಡಿತು. ಸೊಸೆ ಹೆಗಲಿಗೆ ಚೀಲ ಹಾಕಿಕೊಂಡು ಬಂದಳು. ನನ್ನ ಕಿಸೆಯಲ್ಲಿ ಫೋನು ಇದೆಯೋ ಎಂದು ಮೇಲಿನಿಂದಲೇ ಒತ್ತಿ ನೋಡಿದಳು, ಗುಳಿಗೆ ನುಂಗಿದಿರೋ ಎಂದು ಕೇಳಿದಳು, ಕೂಸಿನ ಕೆನ್ನೆಗೆ ಮುತ್ತು ಕೊಟ್ಟಳು.

"ಸಂಜೀತನ ನಿಮ್ಮ ಕೈಯಾಗ್ರಿ ಮಾವಾರ."

ಗೇಟು ಮುಚ್ಚಿತು. ಸ್ಕೂಟರಿನ ಸದ್ದು ಓಣಿಯ ತಿರುವಿನಲ್ಲಿ ಕರಗುವ ಮುಂಚೆಯೇ ಫೋನು ಬಡಿದುಕೊಂಡಿತು. ಕೂಸಿಲ್ಲದೆಯೇ ಊರಿಗೆ ಮರಳಿದ್ದ ಬೀಗತಿ, ಮುಗದದಿಂದ.

"ಕೂಸು ಏನ ಮಾಡಾಕತ್ತೈತ್ರಿ ಬೀಗ್ರ?"

"ನನ್ನ ನೋಡ್ಕೋಳಾಕತ್ತೈತ್ರಿ."

ಸುಳ್ಳು ಹೇಳಲಿಲ್ಲ. ಕೂಸು ಹುಬ್ಬು ಗಂಟಿಕ್ಕಿಕೊಂಡು, ನನ್ನನ್ನು ಎಷ್ಟು ನಂಬಬೇಕು ಎಂದು ತೂಗುವವರ ಹಾಗೆ, ನನ್ನ ಮೀಸೆಯ ಒಂದು ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡುತ್ತಿತ್ತು.